ಕಮಲಾಪುರದ ಗಂಡು ಸೊಳ್ಳೆಗಳು ಮತ್ತು ನನ್ನ ಒಂದು ಸಹಿ

ಸೊಳ್ಳೆಗಳ ವಿಷಯದಲ್ಲಿ ಕೊನೆಯ ಮಾತು ಹೇಳುವ ಕುರ್ಚಿಯಲ್ಲಿ ಕುಳಿತಿರುವ ಮಾನ್ಯ ನಿರ್ದೇಶಕರೇ,

ಗಂಡು ಸೊಳ್ಳೆ ಕಚ್ಚುವುದಿಲ್ಲ ಎಂದು ತಾವು ನಮಗೆ ಲಿಖಿತವಾಗಿ ತಿಳಿಸಿದ್ದೀರಿ. ಬಹಳ ಉಪಕಾರವಾಯಿತು. ತಮ್ಮ ಸಂಸ್ಥೆಯ ಕಲಬುರ್ಗಿ ಘಟಕದಲ್ಲಿ ಹತ್ತೊಂಬತ್ತು ವರ್ಷ ಸೊಳ್ಳೆ ಸಾಕಿದವಳು ನಾನು. ತಾವು ಹೇಳದಿದ್ದರೆ ಇದೊಂದು ಗೊತ್ತಾಗದೆ ಕಣ್ಣು ಮುಚ್ಚುತ್ತಿದ್ದೆನೇನೋ. ಆದರೆ ಈ ಜ್ಞಾನದಾನಕ್ಕೆ ತೆತ್ತ ಬೆಲೆ ಏನು ಎಂಬುದನ್ನು ತಾವು ತಿಳಿಸಲಿಲ್ಲ, ಅದನ್ನು ನಾನು ತಿಳಿಸುತ್ತೇನೆ. ಕಮಲಾಪುರದಲ್ಲಿ ಮೆದುಳು ಜ್ವರದ ವೈರಸ್ ಬೀಡುಬಿಟ್ಟಿದೆ ಎಂದು ನಮ್ಮ ಪ್ರಯೋಗಾಲಯ ೧೯೯೭ರಲ್ಲಿ ಕಂಡುಕೊಂಡಿತು. ತಾವು ಅದನ್ನು ನನ್ನ ಕೈತಪ್ಪು ಎಂದು ಬರೆಸಿ ಫೈಲು ಮುಚ್ಚಿಸಿದಿರಿ. ಮರುವರ್ಷ ಅದೇ ಊರಿನ, ನಾವು ಸೊಳ್ಳೆ ತಂದ ಅದೇ ಮನೆಯ ಏಳು ವರ್ಷದ ಹುಡುಗಿ ಮೆದುಳು ಜ್ವರದಿಂದ ಸತ್ತಳು. ಈಗ, ಅಲ್ಲಿಂದ ತಂದದ್ದರಲ್ಲಿ ಪರೀಕ್ಷೆಯಾಗದೆ ಉಳಿದ ಒಂಬತ್ತು ಕೊಳವೆ ಸೊಳ್ಳೆಗಳನ್ನೂ ಈ ಜೂನ್ ಮೂವತ್ತರೊಳಗೆ ಸುಟ್ಟುಹಾಕಬೇಕೆಂದು ಆದೇಶ ಹೊರಡಿಸಿದ್ದೀರಿ. ನಾಲ್ಕು ಸಲ ಖಾಸಗಿಯಾಗಿ ಪತ್ರ ಬರೆದೆ. ಪತ್ರ ತಲುಪಿದೆ ಎಂಬ ಚೀಟಿಯ ಹೊರತು ಮತ್ತೇನೂ ಬರಲಿಲ್ಲ. ಅದಕ್ಕೇ ಐದನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಯಾರೆಂದು ಮೊದಲು ಹೇಳಿಬಿಡಬೇಕು. ತಮ್ಮ ಕಾಗದಗಳಲ್ಲಿ ನನಗೆ ಹೆಸರಿಲ್ಲ. 'ಸಂಬಂಧಪಟ್ಟ ಪರಿಚಾರಕಿ' ಎಂದಷ್ಟೇ ಇದೆ. ನನ್ನ ಹೆಸರು ಇಂದೂಬಾಯಿ. ಸೇಡಂ ರಸ್ತೆಯಲ್ಲಿ ಆಸ್ಪತ್ರೆಗಳ ಸಾಲು ಮುಗಿಯುವ ಕಡೆ, ಬಾಡಿಗೆ ಮನೆಯೊಂದರಲ್ಲಿ ತಮ್ಮ ಘಟಕ ನಡೆಯುತ್ತಿತ್ತು. ಅದರ ಹಿಂದಿನ ಕೋಣೆ ನನ್ನದು. ಸೊಳ್ಳೆಯ ಮರಿಹುಳುಗಳನ್ನು ಬಿಳಿ ತಾಟಿನ ನೀರಿನಲ್ಲಿ ಬಿಟ್ಟು ನಾಯಿ ಬಿಸ್ಕತ್ತಿನ ಪುಡಿ ಉದುರಿಸುವುದು, ಅವು ಕೋಶ ಕಟ್ಟಿದ ಮೇಲೆ ಒಂದೊಂದಾಗಿ ಹೆಕ್ಕಿ ಪರದೆಯ ಪಂಜರಕ್ಕೆ ಸಾಗಿಸುವುದು, ರೆಕ್ಕೆ ಬಂದವುಗಳಿಗೆ ನೆನೆಸಿದ ಒಣದ್ರಾಕ್ಷಿ ಇಡುವುದು, ಗಂಡು ಹೆಣ್ಣು ಬೇರೆ ಮಾಡುವುದು, ಇದು ನನ್ನ ನೌಕರಿ. ನನ್ನ ಅತ್ತೆ ಪಾರ್ವತೀಬಾಯಿ ಬದುಕಿರುವವರೆಗೂ ಓಣಿಯಲ್ಲಿ 'ನನ್ನ ಸೊಸೆ ಆಫೀಸಿನಲ್ಲಿ ಟೈಪು ಮಾಡುತ್ತಾಳೆ' ಎಂದೇ ಹೇಳಿಕೊಂಡು ಬಂದರು. ಸೊಳ್ಳೆಗೆ ದ್ರಾಕ್ಷಿ ತಿನ್ನಿಸುವ ಸೊಸೆ ಎಂದರೆ ಮಠಕ್ಕೆ ಬರುವ ಹೆಂಗಸರ ಎದುರು ಮುಖ ಎತ್ತುವುದು ಹೇಗೆ? ನಾನು ಮಾತ್ರ ಆ ಕೆಲಸವನ್ನು ಮಡಿಯಲ್ಲಿ ಅಡಿಗೆ ಮಾಡಿದಷ್ಟೇ ಕಟ್ಟುನಿಟ್ಟಾಗಿ ಮಾಡಿದೆ. ಒಂದು ಪಂಜರದ ಸೊಳ್ಳೆ ಇನ್ನೊಂದು ಪಂಜರಕ್ಕೆ ಹೋದದ್ದು ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಇಲ್ಲ.

ಪಕ್ಕದ ಕೋಣೆಯಲ್ಲಿ ಬೇರೆ ಪ್ರಯೋಗ ನಡೆಯುತ್ತಿತ್ತು. ಅಲ್ಲಿ ಸೊಳ್ಳೆಗಳಿಗೆ ವೈರಸ್ ಚುಚ್ಚಿ, ಅದು ಎಷ್ಟು ದಿನಕ್ಕೆ ಅವುಗಳ ಎಂಜಲಿಗೆ ಇಳಿಯುತ್ತದೆ ಎಂದು ನೋಡುತ್ತಿದ್ದರು. ಆ ಕೋಣೆಗೆ ಎರಡು ಬಾಗಿಲು, ಎರಡಕ್ಕೂ ಬೀಗ. ಎರಡು ಕೀಲಿಗಳೂ ನಮ್ಮ ಸಂಶೋಧನಾ ಅಧಿಕಾರಿಯ ಜೇಬಿನಲ್ಲಿ. ಒಳಗೆ ಕಾಲಿಡಲು ನನಗೆ ಅಪ್ಪಣೆಯೇ ಇರಲಿಲ್ಲ. ಈ ನಿಯಮ ಮಾಡಿದವರು ಬೇರೆ ಯಾರೂ ಅಲ್ಲ, ತಾವೇ.

ಇನ್ನು ಕಮಲಾಪುರದ ವಿಷಯ. ತಮ್ಮ ಕಾರ್ಯಕ್ರಮದ ಪ್ರಕಾರ ಸೊಳ್ಳೆ ಹಿಡಿಯಬೇಕಾದದ್ದು ಮುಸ್ಸಂಜೆ, ದನದ ಕೊಟ್ಟಿಗೆಯಲ್ಲಿ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಗಾಜಿನ ನಳಿಗೆ. ಬಾಯಿಂದ ಉಸಿರು ಎಳೆದರೆ ಗೋಡೆಯ ಮೇಲಿನ ಸೊಳ್ಳೆ ನಳಿಗೆಯೊಳಗೆ ಬಂದು ಬೀಳಬೇಕು. ನಮ್ಮ ಕೀಟ ಸಂಗ್ರಾಹಕ ಚಾಂದಪಾಶಾ ಇದರಲ್ಲಿ ಎತ್ತಿದ ಕೈ. ಆದರೆ ಪಟ್ಟಿಯಲ್ಲಿದ್ದ ಮಲ್ಕಮ್ಮನ ಮನೆಯಲ್ಲಿ ಅವನ ಆಟ ನಡೆಯಲಿಲ್ಲ. ಮಲ್ಕಮ್ಮನಿಗೆ ಮನೆಯ ಹಿಂದೆ ಅರ್ಧ ಎಕರೆ ಕೆಂಪು ಬಾಳೆಯ ತೋಟ, ಒಂದು ಬಾವಿ, ಐದು ದನ. ಸಂಜೆ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು, ಸೂಜಿ ಯಾವುದನ್ನೂ ಮನೆಯಿಂದ ಹೊರಗೆ ಕೊಡಬಾರದು ಎಂಬ ಪದ್ಧತಿ ನಮ್ಮ ಕಡೆ ಇದೆಯಷ್ಟೆ? ಆ ಹೆಂಗಸು ಅದನ್ನು ಸೊಳ್ಳೆಗೂ ಅನ್ವಯಿಸಿದಳು.

"ದೀಪ ಹಚ್ಚೀನ್ರೀ. ಈಗ ಮನ್ಯಾಗಿಂದ ಏನೂ ಕೊಡಂಗಿಲ್ಲ, ಸೊಳ್ಳಿನೂ ಕೊಡಂಗಿಲ್ಲ. ಮುಂಜಾನಿ ಬರ್ರಿ, ಎಷ್ಟ ಬೇಕಷ್ಟ ಒಯ್ರಿ" ಎಂದಳಂತೆ.

ಚಾಂದಪಾಶಾ ಇದನ್ನು ನನಗೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ, ನಾನೂ ನಕ್ಕೆ. ಆದರೆ ಅವನು ಆಕೆಯ ಮಾತು ಮೀರಲಿಲ್ಲ. ಮುಂಜಾನೆಯ ಬಸ್ಸಿಗೆ ಹೋದ. ಬೆಳಕಾದ ಮೇಲೆ ಕೊಟ್ಟಿಗೆಯಲ್ಲಿ ಕೈಗೆ ಸಿಕ್ಕಿದ್ದು ನಾಲ್ಕೇ ನಾಲ್ಕು ಸೊಳ್ಳೆ. ಅವನ ಪೆಚ್ಚು ಮೋರೆ ನೋಡಿ ಮಲ್ಕಮ್ಮನೇ ತೋಟಕ್ಕೆ ಕರೆದೊಯ್ದು, ಬಾವಿಯ ನೀರು ಕಾಲುವೆಗೆ ತಿರುಗುವ ಕಡೆ ನಿಂತಿದ್ದ ಹೊಂಡ ತೋರಿಸಿದಳು. ಮರಿಹುಳು ಮಿಜಿಮಿಜಿ ಎನ್ನುತ್ತಿದ್ದವು. ಐದು ಮುಂಜಾನೆ ಹೋಗಿ ಸೌಟಿನಲ್ಲಿ ಮೊಗೆದು ತಂದು ನನ್ನ ತಾಟುಗಳಿಗೆ ಸುರಿದ. ಹೀಗೆ ಆ ಸಲ ಕಮಲಾಪುರದಿಂದ ನಮಗೆ ಬಂದದ್ದು ಹಾರುವ ಸೊಳ್ಳೆಗಳಲ್ಲ, ನೀರಿನಲ್ಲಿರುವ ಅವುಗಳ ಮಕ್ಕಳು. ನನ್ನ ಕೋಣೆಯಲ್ಲೇ ಅವಕ್ಕೆ ರೆಕ್ಕೆ ಬಂತು. ಪೊದೆ ಮೀಸೆಯ ಗಂಡುಗಳು ಎಂದಿನಂತೆ ಒಂದು ದಿನ ಮೊದಲೇ ಹೊರಬಂದವು. ಬಂದ ಹಾಗೆಯೇ ಬೇರೆ ಪಂಜರಕ್ಕೆ ಹಾಕಿದೆ. ಹೆಣ್ಣುಗಳಿಗೂ ರಕ್ತ ಕೊಡಲಿಲ್ಲ. ಗಂಡಾಗಲಿ ಹೆಣ್ಣಾಗಲಿ, ಅವು ಮನುಷ್ಯರನ್ನು ಕಚ್ಚಿರಲಿಲ್ಲ, ದನವನ್ನು ಕಚ್ಚಿರಲಿಲ್ಲ, ಕೊಕ್ಕರೆಯ ಮುಖ ನೋಡಿರಲಿಲ್ಲ. ತಿಂದದ್ದು ಗಂಜ್ ಮಾರುಕಟ್ಟೆಯ ಅಂಗಡಿಯಿಂದ ನಾನು ತಂದ ಒಣದ್ರಾಕ್ಷಿ ಮಾತ್ರ. ಐವತ್ತಕ್ಕೆ ಒಂದರಂತೆ ಹನ್ನೆರಡು ಕೊಳವೆಗಳಲ್ಲಿ ತುಂಬಿ ಚೀಟಿ ಅಂಟಿಸಿ ಕೊಟ್ಟೆ.

ನಮ್ಮ ಸಂಶೋಧನಾ ಅಧಿಕಾರಿ ಅದರಲ್ಲಿ ಮೂರು ಕೊಳವೆಯ ಸೊಳ್ಳೆಗಳನ್ನು ಅರೆದು, ಆ ರಸವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿದರು. ಎರಡು ಕೊಳವೆಯ ರಸ ಚುಚ್ಚಿದ ಮರಿಗಳು ಆಡಿಕೊಂಡಿದ್ದವು. ಒಂದು ಕೊಳವೆಯವು ಐದನೆಯ ದಿನ ತಾಯಿಯ ಹಾಲು ಬಿಟ್ಟು, ಮುದುಡಿ, ಒದ್ದಾಡಿ ಸತ್ತವು. ಅದೇ ಕೊಳವೆಯಲ್ಲಿ ಉಳಿಸಿಟ್ಟ ರಸದಿಂದ ಮತ್ತೊಮ್ಮೆ ಮಾಡಿದರು, ಮತ್ತೆ ಹಾಗೇ ಆಯಿತು. ಆಮೇಲಿನ ಪರೀಕ್ಷೆಯಲ್ಲಿ ಅದು ಮೆದುಳು ಜ್ವರದ ವೈರಸ್ಸೇ ಎಂದು ತಿಳಿಯಿತು. ಆ ಕೊಳವೆಯ ಮೇಲೆ ನನ್ನ ಕೈಬರಹದಲ್ಲಿ 'ಕಮಲಾಪುರ, ಗಂಡು' ಎಂದಿತ್ತು. ಆ ದಿನ ನಮ್ಮ ಅಧಿಕಾರಿ, ಮೂವತ್ತೆರಡರ ಹುಡುಗ, ನನ್ನ ಕೋಣೆಯ ಬಾಗಿಲಲ್ಲಿ ನಿಂತು ಆ ಚೀಟಿಯನ್ನು ಎರಡೆರಡು ಸಲ ಓದಿದರು. ಆಮೇಲೆ ಎಲ್ಲರಿಗೂ ಚಹಾ ತರಿಸಿದರು.

ಅವರಿಗೇಕೆ ಅಷ್ಟು ಸಂತೋಷ, ನನಗೇಕೆ ಅಷ್ಟು ಹೆದರಿಕೆ ಎಂದು ಓದುಗರಿಗೆ ತಿಳಿಯಲಿ. ತಮಗಲ್ಲ, ತಮಗೆ ಎಲ್ಲವೂ ಗೊತ್ತಿದೆ. ಹೆಣ್ಣು ಸೊಳ್ಳೆ ಹಂದಿಯಿಂದಲೋ ಕೊಕ್ಕರೆಯಿಂದಲೋ ರಕ್ತದ ಜೊತೆ ವೈರಸ್ ಹೀರುತ್ತದೆ, ಆಮೇಲೆ ಮನುಷ್ಯನನ್ನು ಕಚ್ಚಿ ದಾಟಿಸುತ್ತದೆ. ಪುಸ್ತಕದಲ್ಲಿರುವುದು ಇಷ್ಟು. ಹಾಗಾದರೆ ರಕ್ತವನ್ನೇ ಮುಟ್ಟದ ಗಂಡಿನ ಮೈಯಲ್ಲಿ ವೈರಸ್ ಎಲ್ಲಿಂದ ಬಂತು? ತಾಯಿಯ ಹೊಟ್ಟೆಯಿಂದ, ಮೊಟ್ಟೆಯ ಮೂಲಕ. ಬೇರೆ ದಾರಿ ಇಲ್ಲ. ಗಂಡಿಗೆ ಹೀಗೆ ಬಂದಿದ್ದರೆ ಅದರ ಜೊತೆ ಹುಟ್ಟಿದ ಅಕ್ಕತಂಗಿಯರಿಗೂ ಬಂದಿರಬಹುದು, ಅವು ಕಚ್ಚುತ್ತವೆ. ಅಂದರೆ ಆ ಊರಿಗೆ ರೋಗ ಪ್ರತಿ ವರ್ಷ ಹೊರಗಿನಿಂದ ಬರಬೇಕಾಗಿಲ್ಲ. ಹಂದಿ ಬೇಡ, ಕೊಕ್ಕರೆ ಬೇಡ. ಒಂದು ಹೊಂಡ ನೀರು ಸಾಕು. ಗಂಡು ಸೊಳ್ಳೆ ಕಚ್ಚುವುದಿಲ್ಲ ಎಂಬುದೇ ಇಲ್ಲಿ ಸಾಕ್ಷಿ, ಮಾನ್ಯರೇ. ತಾವು ಅದೇ ಸಾಕ್ಷಿಯನ್ನು ಹಿಡಿದು ಮೊಕದ್ದಮೆ ವಜಾ ಮಾಡಿದಿರಿ.

ಉಳಿದ ಒಂಬತ್ತು ಕೊಳವೆಗಳನ್ನು ಐಸಿನಲ್ಲಿಟ್ಟು, ವರದಿಯ ಜೊತೆ ತಮ್ಮ ಕೇಂದ್ರ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಆರು ವಾರದ ನಂತರ ಉತ್ತರ ಬಂತು. ಕೊಳವೆಗಳನ್ನು ತೆರೆದೇ ಇರಲಿಲ್ಲ, ವರದಿಯನ್ನು ಮಾತ್ರ ತೆರೆದಿದ್ದರು. ತಮ್ಮ ಮೊದಲ ಆಕ್ಷೇಪ: ಕಾರ್ಯಕ್ರಮದಲ್ಲಿ ಹೇಳಿದ್ದು ಮುಸ್ಸಂಜೆ ಹಿಡಿದ ಹೆಣ್ಣು ಸೊಳ್ಳೆ, ಇವು ಮುಂಜಾನೆ ಮೊಗೆದ ಮರಿಗಳು. ನಿಜ, ವೈರಸ್ ಆಫೀಸಿನ ವೇಳೆಗೆ ಸರಿಯಾಗಿ ಹಾಜರಾಗಲಿಲ್ಲ, ಅದು ಅದರ ಉದ್ಧಟತನ. ಎರಡನೆಯದು: ಕಮಲಾಪುರದಲ್ಲಿ ಭತ್ತದ ಗದ್ದೆ ಇಲ್ಲ, ಹಂದಿ ಸಾಕಣೆ ಇಲ್ಲ, ಆದ್ದರಿಂದ ಅಲ್ಲಿ ಈ ರೋಗದ ಪ್ರಶ್ನೆ ಉದ್ಭವಿಸುವುದಿಲ್ಲ. ತಮ್ಮ ಅಪ್ಪಣೆ ಇಲ್ಲದೆ ಪ್ರಶ್ನೆಗಳೂ ಉದ್ಭವಿಸುವುದಿಲ್ಲ ಎಂದು ನನಗೆ ಆಗಲೇ ಗೊತ್ತಾದದ್ದು. ತಾವು ಕಮಲಾಪುರ ನೋಡಿದ್ದೀರಾ? ಬಾಳೆಯ ಬುಡದಲ್ಲಿ ವರ್ಷವಿಡೀ ನಿಲ್ಲುವ ನೀರು, ಅದರ ಸುತ್ತ ಬೆಳ್ಳಕ್ಕಿಗಳು, ಇವು ತಮ್ಮ ನಕ್ಷೆಯಲ್ಲಿ ಇವೆಯೇ? ಮೂರನೆಯದು ಗಂಡು ಸೊಳ್ಳೆ ಕಚ್ಚುವುದಿಲ್ಲ ಎಂಬ ಆ ಮಹಾವಾಕ್ಯ. ಆದ್ದರಿಂದ, ಬೀಗದ ಕೋಣೆಯ ಸೋಂಕಿನ ಸೊಳ್ಳೆಗಳು ಪರಿಚಾರಕಿಯ ಅಜಾಗರೂಕತೆಯಿಂದ ಇವುಗಳಲ್ಲಿ ಬೆರೆತಿವೆ, ಆಕೆಯಿಂದ ವಿವರಣೆ ಪಡೆಯಿರಿ ಎಂದು ತೀರ್ಪು. ಕೀಲಿಯೇ ಇಲ್ಲದವಳು ಎರಡು ಬೀಗ ದಾಟಿ ಹೋಗಿ ಸೊಳ್ಳೆ ಬೆರೆಸಿ ಬಂದಳು! ಇಂಥ ವಿದ್ಯೆ ನನಗಿದ್ದಿದ್ದರೆ ತಮ್ಮ ಘಟಕದಲ್ಲಿ ಒಣದ್ರಾಕ್ಷಿ ನೆನೆಸಿಕೊಂಡು ಯಾಕೆ ಕೂಡುತ್ತಿದ್ದೆ? ಅದೂ ಹೋಗಲಿ, ಬೆರೆತದ್ದು ಹೌದೋ ಅಲ್ಲವೋ ತಿಳಿಯಲು ಒಂಬತ್ತು ಕೊಳವೆ ತಮ್ಮ ಕೈಯಲ್ಲೇ ಇದ್ದವಲ್ಲ. ಒಂದನ್ನಾದರೂ ತೆರೆದು ನೋಡಲು ತಮಗೆ ಅಡ್ಡಿಯಾದದ್ದು ಏನು?

ಇನ್ನು ಮುಂದಿನದನ್ನು ಬರೆಯಲು ನನಗೆ ನಾಚಿಕೆ. ಆದರೂ ಬರೆಯಬೇಕು, ಏಕೆಂದರೆ ಇಷ್ಟು ಹೊತ್ತು ತಮ್ಮನ್ನು ಬೈದವಳು ತಾನು ಮಾಡಿದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡರೆ ಆಗುವುದಿಲ್ಲ. ಡಿಸೆಂಬರಿನಲ್ಲಿ ತಮ್ಮ ಉಪನಿರ್ದೇಶಕರು ಬಂದರು. ಐವಾನ್-ಎ-ಶಾಹಿ ಅತಿಥಿಗೃಹದಲ್ಲಿ ಇಳಿದುಕೊಂಡು, ಒಂದು ಮಧ್ಯಾಹ್ನ ಘಟಕಕ್ಕೆ ಬಂದು, ಮೂಗಿಗೆ ಕರವಸ್ತ್ರ ಹಿಡಿದು ನನ್ನ ಕೋಣೆಯನ್ನು ಬಾಗಿಲಿನಿಂದಲೇ ನೋಡಿದರು. ವಿವರಣೆ ಆಗಲೇ ಟೈಪಾಗಿ ಬಂದಿತ್ತು. ನನ್ನ ವಿವರಣೆಯನ್ನು ನನಗಿಂತ ಮೊದಲು ತಾವೇ ಬರೆದು ಕಳಿಸಿದ್ದಿರಿ, ಅಷ್ಟು ಶ್ರಮ ತೆಗೆದುಕೊಂಡಿರಿ. 'ನನ್ನ ಕೈತಪ್ಪಿನಿಂದ ಪಂಜರಗಳು ಅದಲುಬದಲಾಗಿವೆ' ಎಂದು ಇಂಗ್ಲಿಷಿನಲ್ಲಿತ್ತು. ನಾನು ಪೆನ್ನು ಮುಟ್ಟಲಿಲ್ಲ. ಆಗ ನಮ್ಮ ಹೆಡ್ ಕ್ಲಾರ್ಕ್ ನಾಗಣ್ಣ, ಕೆಟ್ಟ ಮನುಷ್ಯನೇನೂ ಅಲ್ಲ, ನನ್ನನ್ನು ಪಕ್ಕಕ್ಕೆ ಕರೆದ.

"ಬಾಯಾರ, ಹದಿನಾಲ್ಕ ತಿಂಗಳ ಉಳದದ ನಿಮ್ದು. ಇಷ್ಟ ದಿನ ಮಾಡಿ ಈಗ ಯಾಕ ಮಣ್ಣಾಗ ಹಾಕ್ತೀರಿ? ಇದು ಬರೇ ಫೈಲ್ ಮುಚ್ಚಾಕರೀ. ಯಾರೂ ಓದಂಗಿಲ್ಲ."

ಯಾರೂ ಓದುವುದಿಲ್ಲ ಎಂಬ ಮಾತನ್ನೇ ನೆಚ್ಚಿಕೊಂಡು ಸಹಿ ಮಾಡಿದೆ. ನಮ್ಮ ಅಧಿಕಾರಿ ಕಿಟಕಿಯ ಕಡೆ ಮುಖ ಮಾಡಿಕೊಂಡು ನಿಂತಿದ್ದರು. ಅವರನ್ನು ತಿಂಗಳೊಳಗೆ ಬೇರೆ ರಾಜ್ಯಕ್ಕೆ ವರ್ಗ ಮಾಡಿದಿರಿ. ಕಮಲಾಪುರವನ್ನು ಪಟ್ಟಿಯಿಂದ ತೆಗೆದಿರಿ. ಜಿಲ್ಲೆಯ ಆರೋಗ್ಯ ಇಲಾಖೆಗೆ ಹೋಗಬೇಕಾಗಿದ್ದ ಎಚ್ಚರಿಕೆಯ ಪತ್ರ ಫೈಲಿನಲ್ಲೇ ಉಳಿಯಿತು.

ಮುಂದಿನ ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಚಾಂದಪಾಶಾ ಓಡಿಬಂದು ಮಲ್ಕಮ್ಮ ಹೊರಗೆ ನಿಂತಿದ್ದಾಳೆ ಎಂದ. ನಾನು ಆಕೆಯನ್ನು ಅದುವರೆಗೆ ನೋಡಿರಲಿಲ್ಲ. ಆಕೆಯ ಮಗ ಅಮೋಘಪ್ಪನ ಹಿರಿಯ ಮಗಳು ದುಂಡಮ್ಮನನ್ನು ನಮ್ಮದೇ ರಸ್ತೆಯ ಆಸ್ಪತ್ರೆಯೊಂದಕ್ಕೆ ಸೇರಿಸಿ ಎರಡು ದಿನವಾಗಿತ್ತು. ಜ್ವರ ಬಂದು, ವಾಂತಿಯಾಗಿ, ಮೂರನೆಯ ದಿನಕ್ಕೆ ಕೈಕಾಲು ಸೆಟೆದುಕೊಂಡು, ಆಮೇಲೆ ಹುಡುಗಿ ಯಾರ ಗುರುತೂ ಹಿಡಿಯುತ್ತಿರಲಿಲ್ಲ. ಸೊಳ್ಳೆಯಿಂದ ಬಂದಿರಬಹುದು ಎಂದು ಡಾಕ್ಟರು ಅಂದರಂತೆ. ಅದನ್ನು ಕೇಳಿದ ಕೂಡಲೇ ಆ ಹೆಂಗಸಿಗೆ ನಾವು ನೆನಪಾಗಿದ್ದೆವು. ಬೋರ್ಡು ಓದಲು ಬರದಿದ್ದರೂ ಕೇಳಿಕೇಳಿ ಹುಡುಕಿಕೊಂಡು ಬಂದಿದ್ದಳು.

"ಬಾಯಾರ, ನಮ್ಮ ತ್ವಾಟದಾಗಿನ ಹುಳ ಒಯ್ದಿದ್ರಲ್ರೀ. ಅದರಾಗ ಏನರ ಸಿಕ್ಕಿತ್ತೇನ್ರೀ?"

ಏನೂ ಸಿಗಲಿಲ್ಲ ಎಂದೆ. ಫೈಲಿನಲ್ಲಿ ಇದ್ದದ್ದು ಅದೇ ಅಲ್ಲವೇ? ನಾನು ಸಹಿ ಮಾಡಿದ್ದು ಅದಕ್ಕೇ ಅಲ್ಲವೇ? ಆಕೆ ನನ್ನ ಮಾತು ನಂಬಿದಳು. ಹಾಗಾದರೆ ನಮ್ಮ ತೋಟದ್ದಲ್ಲ, ಬೇರೆ ಕಡೆಯಿಂದ ಬಂದಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಕೈಮುಗಿದು ಹೋದಳು. ನನಗೆ ಕೈಮುಗಿದು ಹೋದಳು! ದುಂಡಮ್ಮ ನಾಲ್ಕು ದಿನ ಜೀವ ಹಿಡಿದುಕೊಂಡಿದ್ದು ಸತ್ತಳು. ಅವಳ ರಕ್ತದ ವರದಿ ತಮ್ಮ ಕೇಂದ್ರದಿಂದಲೇ ಮೂರು ತಿಂಗಳ ಮೇಲೆ ಬಂತು: 'ಮೆದುಳು ಜ್ವರ, ಶಂಕಿತ'. ಸೊಳ್ಳೆಗಳಲ್ಲಿ ಸಿಕ್ಕರೆ ಪರಿಚಾರಕಿಯ ತಪ್ಪು, ಮಗುವಿನಲ್ಲಿ ಸಿಕ್ಕರೆ ಶಂಕೆ. ಖಚಿತವಾಗಲು ಇನ್ನೇನು ಸಿಗಬೇಕಿತ್ತು ತಮಗೆ?

ಆ ಹೊಂಡದ ಸೊಳ್ಳೆಯೇ ಆ ಮಗುವನ್ನು ಕಚ್ಚಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ನಮ್ಮ ವರದಿಯನ್ನು ತಾವು ಒಪ್ಪಿದ್ದರೆ ಅವಳು ಬದುಕುತ್ತಿದ್ದಳು ಎಂದೂ ಹೇಳಲಾರೆ. ಅಷ್ಟು ವಿಜ್ಞಾನ ನಮ್ಮ ಅಧಿಕಾರಿಯಿಂದ ಕಲಿತಿದ್ದೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು ಎಂದು ಅವರು ಹೇಳುತ್ತಿದ್ದರು. ಗೊತ್ತಿದ್ದದ್ದನ್ನು ಗೊತ್ತಿಲ್ಲ ಎನ್ನುವುದನ್ನು ಮಾತ್ರ ತಮ್ಮಿಂದ ಕಲಿತೆ.

ಫೆಬ್ರುವರಿಯಲ್ಲಿ ನಾನು ನಿವೃತ್ತಳಾದೆ. ಶಾಲು ಹೊದಿಸಿದರು, ಹಾರ ಹಾಕಿದರು, ನನ್ನ ಸೇವೆ ನಿಷ್ಕಳಂಕ ಎಂದು ತಮ್ಮ ಸಂದೇಶವನ್ನು ನಾಗಣ್ಣ ಓದಿದ. ಕೈತಪ್ಪಿನ ಕಾಗದ ಅದೇ ಆಫೀಸಿನ ಕಪಾಟಿನಲ್ಲಿತ್ತು. ಮಾರ್ಚಿನಲ್ಲಿ ಉಪಯುಕ್ತ ಫಲಿತಾಂಶ ಬರುತ್ತಿಲ್ಲವೆಂದು ಘಟಕಕ್ಕೇ ಬೀಗ ಹಾಕಿಸಿದಿರಿ. ಬಂದ ಫಲಿತಾಂಶದ ಕುತ್ತಿಗೆ ಹಿಸುಕಿ, ಫಲಿತಾಂಶ ಬರುತ್ತಿಲ್ಲ ಎಂದು ಕೊರಗುವುದು ಎಲ್ಲರಿಗೂ ಬರುವ ಕಲೆಯಲ್ಲ. ಕೊಳವೆಗಳನ್ನು ಸುಡುವ ಆದೇಶದ ಸುದ್ದಿ ಮೇ ತಿಂಗಳಲ್ಲಿ, ನಾಗಣ್ಣನಿಂದ ಕೇಳಿ ಬಂದ ಚಾಂದಪಾಶಾನಿಂದ ತಿಳಿಯಿತು. ಅವನೀಗ ಬಸ್‌ಸ್ಟ್ಯಾಂಡಿನ ಹತ್ತಿರ ಹಣ್ಣಿನ ಗಾಡಿ ಇಟ್ಟುಕೊಂಡಿದ್ದಾನೆ.

ಕಳೆದ ಸೋಮವಾರ ನಾನು ಕಮಲಾಪುರಕ್ಕೆ ಹೋದೆ. ಪತ್ರಿಕೆಯಲ್ಲಿ ಬರುವ ಮೊದಲು ಮಲ್ಕಮ್ಮನಿಗೆ ನನ್ನ ಬಾಯಿಂದಲೇ ಗೊತ್ತಾಗಬೇಕು ಎನಿಸಿತು. ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ: ಗಂಡು ಸೊಳ್ಳೆ, ಇಲಿಮರಿ, ಟೈಪು ಮಾಡಿದ ಕಾಗದ, ನನ್ನ ಸಹಿ. ಅಮೋಘಪ್ಪ ನಡುವೆಯೇ ಎದ್ದು ತೋಟದ ಕಡೆ ಹೋದ. ದುಂಡಮ್ಮನ ತಂಗಿ, ಮೂರು ವರ್ಷದ್ದು, ಅಜ್ಜಿಯ ತೊಡೆಯ ಮೇಲೆ ಮಲಗಿತ್ತು. ಬೈಯುತ್ತಾಳೆ, ಹೊಡೆಯಲು ಬಂದರೂ ಬರಲಿ ಎಂದು ಸಿದ್ಧವಾಗಿ ಹೋಗಿದ್ದೆ. ಆಕೆ ಬೈಯಲಿಲ್ಲ. ಮಗುವಿನ ಬೆನ್ನು ತಟ್ಟುತ್ತ, ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದಳು.

"ಆಗ ಹೇಳಿದ್ರ ಆ ಹೊಂಡ ಮುಚ್ಚಿಸ್ತಿದ್ದೆನ್ರೀ, ಬಾಯಾರ. ಕೂಸಿಗಿ ಒಂದ ಪರದೆ ಕಟ್ತಿದ್ದೆ. ಅಷ್ಟರ ಆಗ್ತಿತ್ತು ನನ್ನ ಕೈಲೆ."

ಅಷ್ಟೇ ನೋಡಿ, ಮಾನ್ಯರೇ. ಬುಟ್ಟಿ ಮಣ್ಣು, ನಾಲ್ಕು ಮೊಳ ಪರದೆ ಬಟ್ಟೆ. ತಮ್ಮ ಸಂಸ್ಥೆಯ ಕೀರ್ತಿ ಉಳಿಸಲು ನಾವೆಲ್ಲ ಸೇರಿ ಆ ಹೆಂಗಸಿನ ಕೈಯಿಂದ ಕಸಿದುಕೊಂಡದ್ದು ಇಷ್ಟನ್ನು. ಆ ಸಂಜೆಯೇ ಅಮೋಘಪ್ಪ ಹೊಂಡಕ್ಕೆ ಮಣ್ಣು ತುಂಬಿದನಂತೆ. ಆದರೆ ಕಮಲಾಪುರದಲ್ಲಿ ಇರುವುದು ಒಂದೇ ತೋಟವಲ್ಲ.

ಈಗ ನನ್ನ ಬೇಡಿಕೆ. ಬೇಡಿಕೆ ಎಂಬ ಮಾತನ್ನು ತಿಳಿದೇ ಬಳಸುತ್ತಿದ್ದೇನೆ, ಪ್ರಾರ್ಥನೆಯನ್ನು ನಾಲ್ಕು ಖಾಸಗಿ ಪತ್ರಗಳಲ್ಲಿ ಮುಗಿಸಿದ್ದೇನೆ. ಆ ಒಂಬತ್ತು ಕೊಳವೆಗಳನ್ನು ಸುಡಬೇಡಿ. ತಮ್ಮ ಅಧೀನದಲ್ಲಿಲ್ಲದ ಪ್ರಯೋಗಾಲಯಕ್ಕೆ ಕಳಿಸಿ, ಬಂದ ಫಲಿತಾಂಶವನ್ನು ಇದೇ ಪತ್ರಿಕೆಯಲ್ಲಿ ಅಚ್ಚುಮಾಡಿಸಿ. ಒಂಬತ್ತರಲ್ಲಿ ಒಂದರಲ್ಲೂ ವೈರಸ್ ಇಲ್ಲವೆಂದಾದರೆ ಸೇಡಂ ರಸ್ತೆಯಲ್ಲಿ ನಿಂತು ತಮ್ಮ ಕ್ಷಮೆ ಕೇಳುತ್ತೇನೆ. ಇದ್ದರೆ, ಕಮಲಾಪುರದ ಪ್ರತಿ ಮಗುವಿಗೂ ಲಸಿಕೆ ಹಾಕಿಸಿ. ಮೂರು ಸಲ ಚುಚ್ಚಬೇಕು, ಪೂರ್ತಿ ಒಂದು ತಿಂಗಳು ಬೇಕು, ಮಳೆ ಆಗಲೇ ಶುರುವಾಗಿದೆ. ಅದೇ ತೊಡೆಯ ಮೇಲೆ ಇನ್ನೊಂದು ಕೂಸು ಮಲಗಿರುವುದನ್ನು ಕಣ್ಣಾರೆ ನೋಡಿ ಬಂದಿದ್ದೇನೆ. ಫಲಿತಾಂಶ ಬರುವವರೆಗೆ, ಮನೆಮನೆಗೆ ಹೋಗಿ ನಿಂತ ನೀರು ಮುಚ್ಚಿ, ಪರದೆ ಕಟ್ಟಿ ಎಂದು ಹೇಳುವ ಕೆಲಸಕ್ಕೆ ತಮ್ಮ ಅಪ್ಪಣೆ ಬೇಕಾಗಿಲ್ಲ. ಅದನ್ನು ನಾನೂ ಚಾಂದಪಾಶಾನೂ ಆರಂಭಿಸಿದ್ದೇವೆ.

೧೯೯೭ರ ಡಿಸೆಂಬರಿನಲ್ಲಿ ನನ್ನಿಂದ ಪಡೆದ ವಿವರಣೆಯನ್ನು ಈ ಮೂಲಕ ಹಿಂದೆಗೆದುಕೊಳ್ಳುತ್ತೇನೆ. ಪಿಂಚಣಿ ನಿಲ್ಲಿಸುವುದಾದರೆ ನಿಲ್ಲಿಸಿ. ಪಂಜರಗಳು ಅದಲುಬದಲಾಗಿರಲಿಲ್ಲ, ಚೀಟಿ ಸರಿಯಾಗಿತ್ತು, ಗಂಡುಗಳು ಗಂಡುಗಳೇ ಆಗಿದ್ದವು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ನನ್ನ ಕೈ ತಪ್ಪಿದ್ದು ಒಂದೇ ಒಂದು ಸಲ, ಆ ಕಾಗದಕ್ಕೆ ಸಹಿ ಮಾಡಿದಾಗ.

ಇಂತಿ,
ತಮ್ಮ ಫೈಲಿನ ಪ್ರಕಾರ ಸೊಳ್ಳೆ ಬೆರೆಸಿದವಳು,
ಮಲ್ಕಮ್ಮನ ಎದುರು ಸುಳ್ಳು ಹೇಳಿದವಳು,
ಇಂದೂಬಾಯಿ ಆಳಂದಕರ
ನಿವೃತ್ತ ಪರಿಚಾರಕಿ, ಸೊಳ್ಳೆ ಸಾಕಣೆ ಕೋಣೆ
ಕಲಬುರ್ಗಿ, ಜೂನ್ ೧೯೯೯